ಒಂದು ದೋಣಿಯ ಜೀರ್ಣೋದ್ಧಾರ

ನಮ್ಮ ಶಾಸನಗಳನ್ನು ಓದಿದವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ವೆಂಬ ಮಾತು ಅಪರಿಚಿತವಲ್ಲ. ಅರಸನೋ ದಂಡನಾಯಕನೋ ಸೆಟ್ಟಿಯೋ ದೇಗುಲವೊಂದನ್ನು ಕಟ್ಟಿಸಿ, ದೇವರ ಅಂಗಭೋಗ ರಂಗಭೋಗಗಳಿಗೆ ಭೂಮಿಯನ್ನು ಬಿಡುವಾಗ, ಮುರಿದುದನ್ನೂ ಬಿರಿದುದನ್ನೂ ಹಳತಾದುದನ್ನೂ ಸರಿಪಡಿಸುವುದಕ್ಕೆಂದು ಒಂದು ಪಾಲನ್ನು ತೆಗೆದಿರಿಸುತ್ತಿದ್ದನು. ಕಟ್ಟಡ ಹೊಚ್ಚಹೊಸದಾಗಿರುವಾಗಲೇ ‘ಇದೂ ಒಂದು ದಿನ ಒಡೆಯುವುದು’ ಎಂದು ಒಪ್ಪಿಕೊಂಡ ವಿವೇಕ ಅದು. ಹಲವು ವರ್ಷಗಳಿಂದ ಈ ಮಾತನ್ನು ತರಗತಿಯಲ್ಲಿ ಪದ ಬಿಡಿಸಿ, ಸಮಾಸ ಹೇಳಿ, ವಿವರಿಸುತ್ತ ಬಂದಿದ್ದೇನೆ. ಅದರ ಅರ್ಥ ನನಗೆ ನಿಜವಾಗಿ ತಿಳಿದುದು ಮಾತ್ರ ಈಚೆಗೆ, ಒಂದು ಆಟಿಕೆಯ ದೋಣಿಯನ್ನು ದುರಸ್ತಿ ಮಾಡಹೊರಟು ಅದಕ್ಕೆ ಸರಿಪಡಿಸಲಾಗದ ಕೇಡನ್ನು ಮಾಡಿದ ಮೇಲೆ.

ಆಟಿಕೆಯೆಂದೆ, ಅದನ್ನು ಕಟ್ಟಿದವರು ಬದುಕಿದ್ದರೆ ಈ ಮಾತನ್ನು ಒಪ್ಪುತ್ತಿರಲಿಲ್ಲ. ಅವರು ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ದುಡಿದು, ನಿವೃತ್ತರಾದ ಮೇಲೆ ಅರಸೀಕೆರೆಯಲ್ಲಿಯೇ ನೆಲೆನಿಂತವರು. ಅರಸೀಕೆರೆಯನ್ನು ಕಾಣದವರಿಗೆ ಇಷ್ಟು ಹೇಳಿದರೆ ಸಾಕು: ಈ ಊರಿನ ಒಂದು ಕಣ್ಣು ರೈಲು, ಇನ್ನೊಂದು ಕಣ್ಣು ಕೊಬ್ಬರಿ. ಕಾಯಿಯನ್ನು ಅಟ್ಟಕ್ಕೇರಿಸಿ, ತಿಂಗಳುಗಟ್ಟಲೆ ನೆರಳಿನಲ್ಲಿ ಒಣಗಲು ಬಿಟ್ಟು, ಉಂಡೆ ಕೊಬ್ಬರಿ ಮಾಡುವುದು ಈ ಸೀಮೆಯ ಪದ್ಧತಿ. ಆದುದರಿಂದ ಇಲ್ಲಿಯ ಹಳೆಯ ಮನೆಗಳ ಅಟ್ಟಗಳು ಬೆಚ್ಚಗೆ, ಒಣಗಿ, ಗಾಳಿಯಾಡುತ್ತ ಇರುತ್ತವೆ. ಆ ಹಿರಿಯರ ಮಗಳು ಮನೆಯನ್ನು ಮಾರಿ ಬೆಂಗಳೂರಿಗೆ ಮಗನಲ್ಲಿಗೆ ಹೊರಟಿದ್ದರು. ‘ಅಪ್ಪನ ಹಳೆಯ ಪತ್ರಿಕೆಗಳ ಕಟ್ಟುಗಳಿವೆ, ಗುಜರಿಗೆ ಹಾಕುವುದಕ್ಕೆ ಮುಂಚೆ ಒಂದು ಸಲ ನೋಡಿಕೊಂಡು ಹೋಗಿ ಮೇಷ್ಟ್ರೇ’ ಎಂದು ಹೇಳಿಕಳುಹಿಸಿದರು. ಪತ್ರಿಕೆಗಳನ್ನು ಗೆದ್ದಲು ನನಗಿಂತ ಮೊದಲೇ ಓದಿ ಮುಗಿಸಿತ್ತು. ಅವುಗಳ ಪಕ್ಕದಲ್ಲಿ, ಗೋಣಿತಾಟನ್ನು ಹೊದ್ದು, ಮೂರಡಿ ಉದ್ದದ ಒಂದು ದೋಣಿ ಮಲಗಿದ್ದಿತು.

ಬೆಲೆ ಕೇಳಿದೆ. ‘ಹಣ ಬೇಡ. ನೀರಿಗೆ ಬಿಡುವ ದಿನ ಹೇಳಿ, ಎಲ್ಲಿದ್ದರೂ ಬರುತ್ತೇನೆ’ ಎಂದರು ಆ ತಾಯಿ. ಇದಕ್ಕಿಂತ ದುಬಾರಿಯಾದ ಬೆಲೆಯನ್ನು ನಾನು ಯಾವ ವಸ್ತುವಿಗೂ ತೆತ್ತಿಲ್ಲ.

ರೇಡಿಯೋ ನಿಯಂತ್ರಣವೆಂದರೆ ಇಂದಿನ ವಿದ್ಯಾರ್ಥಿಗಳಿಗೆ ಆಕಾಶದ ಡ್ರೋನು ನೆನಪಾಗುತ್ತದೆ. ಆದರೆ ಆ ವಿದ್ಯೆ ಲೋಕಕ್ಕೆ ಮುಖ ತೋರಿಸಿದುದು ನೀರಿನ ಮೇಲೆ. 1898ರಲ್ಲಿ ನಿಕೋಲ ಟೆಸ್ಲಾ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಒಂದು ನೀರಿನ ತೊಟ್ಟಿಯಲ್ಲಿ ಪುಟ್ಟ ದೋಣಿಯನ್ನು ತೇಲಿಬಿಟ್ಟು, ತಂತಿಯ ಸಂಬಂಧವಿಲ್ಲದೆ ದೂರದಿಂದ ಅದನ್ನು ನಡೆಸಿ ತೋರಿಸಿದನು. ಆ ವರ್ಷದ ನವೆಂಬರಿನಲ್ಲಿ ಅದಕ್ಕೆ ಪೇಟೆಂಟು ದೊರೆಯಿತು. ನಮ್ಮಲ್ಲಿಯೂ ಬಾನುಲಿಯನ್ನು ಮೊದಲು ಮನೆಗೆ ಕರೆತಂದವರು ವ್ಯಾಪಾರಿಗಳಲ್ಲ, ಹವ್ಯಾಸಿಗಳು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಃಶಾಸ್ತ್ರ ಹೇಳುತ್ತಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಪ್ರಸಾರ ಕೇಂದ್ರವನ್ನು ತೆರೆದರು. ‘ಆಕಾಶವಾಣಿ’ಯೆಂಬ ಹೆಸರು ದೇಶಕ್ಕೆ ದೊರೆತುದು ಆ ಮನೆಯಿಂದ. ಒಬ್ಬ ಮನಃಶಾಸ್ತ್ರದ ಅಧ್ಯಾಪಕರಿಗೆ ಅದು ಸಾಧ್ಯವಾಗಿದ್ದರೆ, ರೈಲ್ವೆಯ ರಿಲೇಗಳನ್ನು ಅಂಗೈಯಂತೆ ಅರಿತಿದ್ದ ಸಿಗ್ನಲ್ ನೌಕರರೊಬ್ಬರು 1960ರ ದಶಕದಲ್ಲಿ ರೇಡಿಯೋ ದೋಣಿಯನ್ನು ಕಟ್ಟಿದುದು ಆಶ್ಚರ್ಯವಲ್ಲ.

ಆಶ್ಚರ್ಯ ಅದರ ಚಾತುರ್ಯದಲ್ಲಿದೆ. ದಡದಲ್ಲಿರುವವನ ಕೈಯಲ್ಲಿ ಒಂದು ತಗಡಿನ ಪೆಟ್ಟಿಗೆ, ಅದಕ್ಕೊಂದು ಉದ್ದನೆಯ ಕಡ್ಡಿ, ಒಂದೇ ಒಂದು ಗುಂಡಿ. ದೋಣಿಯ ಒಡಲಿನಲ್ಲಿ ಒಂದು ವಾಲ್ವು, ಒಂದು ರಿಲೇ. ಗುಂಡಿಯೊತ್ತಿದರೆ 27 ಮೆಗಾಹರ್ಟ್ಸಿನ ಅಲೆ ಹೊರಡುತ್ತದೆ. ವಾಲ್ವಿನಲ್ಲಿ ಹರಿಯುವ ವಿದ್ಯುತ್ತು ತಗ್ಗುತ್ತದೆ. ರಿಲೇ ಸಡಿಲಗೊಂಡು ಒಂದು ಕೊಂಡಿಯನ್ನು ಬಿಡಿಸುತ್ತದೆ. ಚುಕ್ಕಾಣಿಯನ್ನು ತಿರುಗಿಸುವ ಬಲ ವಿದ್ಯುತ್ತಿನದಲ್ಲ, ಹುರಿಗೊಳಿಸಿದ ಒಂದು ರಬ್ಬರ್ ಪಟ್ಟಿಯದು. ಕೊಂಡಿ ಬಿಟ್ಟಾಗಲೆಲ್ಲ ಅದು ಕಾಲು ಸುತ್ತು ಬಿಚ್ಚಿಕೊಳ್ಳುತ್ತದೆ. ಒತ್ತಿದರೆ ಬಲಕ್ಕೆ, ಬಿಟ್ಟರೆ ನೇರಕ್ಕೆ, ಮತ್ತೆ ಒತ್ತಿದರೆ ಎಡಕ್ಕೆ, ಬಿಟ್ಟರೆ ನೇರಕ್ಕೆ. ಬಲಕ್ಕೆ ಹೋದವನು ಮರಳಿ ಬಲಕ್ಕೆ ಹೋಗಬೇಕಾದರೆ ನಡುವೆ ಎಡವನ್ನು ಮುಟ್ಟಿಯೇ ಹೋಗಬೇಕು. ನಮ್ಮ ರಾಜಕಾರಣಿಗಳಿಗೆ ಈ ಯಂತ್ರ ಕೂಡಲೇ ಅರ್ಥವಾದೀತು. ನನಗೆ ಎರಡು ವಾರ ಹಿಡಿಯಿತು.

ದೋಣಿ ಮನೆಗೆ ಬಂದ ಸುದ್ದಿ ಹರಡಿ ಸಲಹೆಗಾರರು ಬಂದರು. ಇತಿಹಾಸ ಹೇಳುವ ಮಿತ್ರರೊಬ್ಬರು ‘ಮುಟ್ಟಬೇಡಿ. ಧೂಳು ಸಹಿತ ಗಾಜಿನ ಪೆಟ್ಟಿಗೆಯಲ್ಲಿಡಿ. ನೀವು ಎಲ್ಲಿ ಕೈಯಿಟ್ಟರೂ ಅದು ಸುಳ್ಳಾಗುತ್ತದೆ’ ಎಂದರು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಮಂಗಳೂರಿನಲ್ಲಿ ಓದುವಾಗ ಎನ್‌ಸಿಸಿಯ ನೌಕಾ ವಿಭಾಗದಲ್ಲಿದ್ದವನು. ಆ ವಿಭಾಗದ ಶಿಬಿರಗಳಲ್ಲಿ ಹಡಗಿನ ಮಾದರಿಗಳನ್ನು ಕಟ್ಟುವ ಸ್ಪರ್ಧೆಯುಂಟು. ಅವನ ಮಾತು ಇದಕ್ಕೆ ವಿರುದ್ಧ. ‘ಸಾರ್, ಒಳಗಿನದೆಲ್ಲ ಕಿತ್ತುಹಾಕಿ. 2.4 ಗಿಗಾಹರ್ಟ್ಸಿನ ಹೊಸ ಸೆಟ್ಟು, ಒಂದು ಸರ್ವೋ, ಲಿಥಿಯಂ ಬ್ಯಾಟರಿ. ಒಂದು ಭಾನುವಾರದ ಕೆಲಸ.’

ಇಬ್ಬರ ಮಾತೂ ನನಗೆ ಹಿಡಿಸಲಿಲ್ಲ. ನೀರಿಗಿಳಿಯದ ದೋಣಿ ದೋಣಿಯ ಚಿತ್ರ ಮಾತ್ರ; ಅದಕ್ಕೆ ಗಾಜಿನ ಪೆಟ್ಟಿಗೆಯೇಕೆ, ಗೋಡೆಯ ಮೊಳೆಯೇ ಸಾಕು. ಇನ್ನು ಒಳಗಿನದೆಲ್ಲವನ್ನೂ ಕಿತ್ತು ಹೊಸದನ್ನು ತುಂಬಿದರೆ, ತೇಲುವುದು ಹೊಸ ದೋಣಿಯೇ ಹೊರತು ಹಳೆಯದಲ್ಲ. ಹಳೆಯ ಕೊಂಡಿ, ಹಳೆಯ ರಬ್ಬರು, ಹಳೆಯ ವಾಲ್ವು ಇವುಗಳಿಂದಲೇ ಅದು ನಡೆಯಬೇಕು. ನಡೆಯುವಷ್ಟಕ್ಕೆ ಏನು ಅಗತ್ಯವೋ ಅಷ್ಟನ್ನೇ ಬದಲಿಸಬೇಕು ಎಂದು ಸಂಕಲ್ಪ ಮಾಡಿದೆ. ಸಂಕಲ್ಪ ಚೆನ್ನಾಗಿಯೇ ಇದ್ದಿತು.

ಅಟ್ಟದ ಬಿಸುಪು ಮರವನ್ನು ಕಾಪಾಡಿತ್ತು. ಪಕ್ಕೆಯ ಎರಡು ಕಡೆ ಪ್ಲೈವುಡ್ಡಿನ ಪದರ ಬಿಟ್ಟುದನ್ನು ಬಿಟ್ಟರೆ ಒಡಲು ಗಟ್ಟಿಯಾಗಿದ್ದಿತು. ಕೆಟ್ಟುದು ಲೋಹ. ಒಳಗೇ ಮರೆತುಬಿಟ್ಟಿದ್ದ ಬ್ಯಾಟರಿ ಸೋರಿ, ತಾಮ್ರದ ತಂತಿಗಳೆಲ್ಲ ಹಸಿರು ಕಿಲುಬು ಹಿಡಿದಿದ್ದುವು. ಊರಿನಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ವೃದ್ಧರೊಬ್ಬರಿದ್ದಾರೆ. ಈಗ ಅವರ ಅಂಗಡಿಗೆ ಬರುವುದು ಮಿಕ್ಸಿಗಳೇ. ವಾಲ್ವನ್ನು ಬೆಳಕಿಗೆ ಹಿಡಿದು ನೋಡಿ ‘ಜೀವ ಇದೆ ಮೇಷ್ಟ್ರೇ’ ಎಂದರು. ಹಳೆಯ ಹೆಂಡತಿಯ ಕಾಗದ ಸಿಕ್ಕವರ ಹಾಗೆ ಅವರ ಮುಖವಾಯಿತು. ಆದರೆ ವಾಲ್ವಿಗೆ 67.5 ವೋಲ್ಟಿನ ಬ್ಯಾಟರಿ ಬೇಕು. ಅದನ್ನು ಮಾರುವ ಅಂಗಡಿ ಈಗೆಲ್ಲಿದೆ? ಅವರು 9 ವೋಲ್ಟಿನ ಏಳು ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿ, ತುದಿಗೆ ಗಡಿಯಾರದ ಸೆಲ್ಲು ಮೂರನ್ನು ಸೇರಿಸಿ, ಲೆಕ್ಕವನ್ನು ಅರ್ಧ ವೋಲ್ಟೂ ತಪ್ಪದಂತೆ ಸರಿಮಾಡಿಕೊಟ್ಟರು. ಸೊಗಸಾದ ಪರಿಹಾರ, ನೋಡುವುದಕ್ಕೆ ಕುರೂಪ. ಹಳೆಯ ಬ್ಯಾಟರಿಯ ಹಾಗೆ ಕಾಣಲೆಂದು ಅದರ ಮೇಲೆ ಕಾಗದ ಸುತ್ತಿ ಬಣ್ಣ ಬರೆಯೋಣವೇ ಎಂದು ಕೇಳಿದೆ. ‘ಯಾರಿಗೆ ಮೋಸ ಮಾಡಬೇಕು?’ ಎಂದರು. ಸುಮ್ಮನಾದೆ.

ಬಡಗಿ ಆಚಾರ್ಯರ ಮನೆಯಲ್ಲಿ ಕೇಡು ನಡೆಯಿತು. ತಪ್ಪು ಅವರದಲ್ಲ, ನನ್ನದು. ದೋಣಿಯ ಮೇಲೆ ಒಂದು ಮುಚ್ಚಳವುಂಟು. ಅದರ ಒಳಮೈ ಎಣ್ಣೆ, ಧೂಳು, ಜೇಡರ ಬಲೆಗಳಿಂದ ಕಪ್ಪಗಾಗಿದ್ದಿತು. ಆ ಕಪ್ಪಿನಡಿಯಲ್ಲಿ ಸೀಸದ ಕಡ್ಡಿಯ ಗೀರುಗಳು ತೋರುತ್ತಿದ್ದುವು. ಅಳತೆಗೆ ಹಾಕಿದ ಗುರುತುಗಳಿರಬೇಕೆಂದು ನಾನೇ ತೀರ್ಮಾನಿಸಿದೆ. ‘ಇದನ್ನೂ ಉಜ್ಜಿಬಿಡಿ, ವಾರ್ನಿಷು ಹಿಡಿಯಲಿ’ ಎಂದು ನಾನೇ ಹೇಳಿದೆ. ಉಪ್ಪುಕಾಗದ ಹಿಡಿದುದೂ ನನ್ನ ಕೈಯೇ. ಕೆಲಸ ಒಂದು ಮೂಲೆಗೆ ಬಂದಾಗ ಆಚಾರ್ಯರು ನನ್ನ ಕೈ ಹಿಡಿದು ‘ಇದು ಅಕ್ಷರ ಅಲ್ಲವೇ ಸಾರ್?’ ಎಂದರು. ಅಕ್ಷರವೇ. ‘ಬೀಡು’ ಎಂದಿದ್ದಿತು. ಅದರ ಮುಂದೆ ಒಂದು 6; ಅದರ ಮುಂದಿನ ಅಂಕೆ ಹೋಗಿತ್ತು. ಮಿಕ್ಕುದೆಲ್ಲ ನನ್ನ ಮಡಿಲಿನಲ್ಲಿ ಹಳದಿಯ ಹೊಟ್ಟಾಗಿ ಬಿದ್ದಿದ್ದಿತು.

ಆ ತಾಯಿಗೆ ಫೋನು ಮಾಡಿದೆ. ನಡೆದುದನ್ನು ಹೇಳುವ ಧೈರ್ಯ ಬರಲಿಲ್ಲ. ಮುಚ್ಚಳದ ಒಳಗೆ ಅಪ್ಪ ಏನಾದರೂ ಬರೆಯುತ್ತಿದ್ದರೇ ಎಂದು ಸುಮ್ಮನೆ ಕೇಳುವವನಂತೆ ಕೇಳಿದೆ. ‘ಅಯ್ಯೋ, ಬರೆಯದೆ ಇರುತ್ತಿದ್ದರೇ? ಯಾವ ಕೆರೆ, ಯಾವ ದಿನ, ಯಾರ್ಯಾರು ಹೋಗಿದ್ದೆವು, ಎಲ್ಲವನ್ನೂ ಅಲ್ಲೇ ಬರೆದಿಡುತ್ತಿದ್ದರು. ಬಸ್ಸಿನಲ್ಲಿ ದೋಣಿಯನ್ನು ತೊಡೆಯ ಮೇಲಿಟ್ಟುಕೊಂಡು ಹಳೇಬೀಡಿಗೆ ಹೋಗುತ್ತಿದ್ದೆವು’ ಎಂದರು. ನಮ್ಮ ಶಾಸನಗಳ ಕೊನೆಯಲ್ಲಿ ಶಾಪಾಶಯವಿರುತ್ತದೆ: ಈ ಧರ್ಮವನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪವೆಂದು. ವಿದ್ಯಾರ್ಥಿಗಳು ಅಲ್ಲಿಗೆ ಬಂದಾಗ ನಗುತ್ತಾರೆ, ನಾನೂ ನಗುತ್ತಿದ್ದೆ.

ನನ್ನನ್ನು ಹೆಚ್ಚು ಕೊರೆದುದು, ಇದೇ ತಪ್ಪಿಗಾಗಿ ಇತರರನ್ನು ನಾನು ವರ್ಷಗಳಿಂದ ಬಯ್ಯುತ್ತ ಬಂದಿದ್ದೆನೆಂಬುದು. ನಮ್ಮ ಹಳ್ಳಿಗಳಲ್ಲಿ ಈಗ ಜೀರ್ಣೋದ್ಧಾರದ ಸುಗ್ಗಿ. ದುಡ್ಡು ಸೇರಿದೊಡನೆ ಹಳೆಯ ಗುಡಿಯ ನೆಲಕ್ಕೆ ನುಣುಪಾದ ಗ್ರಾನೈಟು, ಗೋಡೆಗೆ ಟೈಲು, ಬಳಪದ ಕಲ್ಲಿನ ವಿಗ್ರಹಗಳಿಗೆ ಎನಾಮಲ್ ಬಣ್ಣ. ಶಾಸನದ ಕಲ್ಲು ಮೆಟ್ಟಿಲಾಗುತ್ತದೆ, ಇಲ್ಲವೆ ಅದರ ಮೇಲೆ ಸುಣ್ಣ ಏಳು ಪದರ ಕೂರುತ್ತದೆ. ಮಾಡುವವರಲ್ಲಿ ದುರುದ್ದೇಶವಿಲ್ಲ, ಭಕ್ತಿಯೇ ಇದೆ. ನನಗೂ ದೋಣಿಯ ಮೇಲೆ ಭಕ್ತಿಯೇ ಇದ್ದಿತು. ಹಳತರ ಮೇಲಿನ ಪ್ರೀತಿ ಹಳತನ್ನು ಉಳಿಸುವುದಕ್ಕೆ ಸಾಲದೆಂಬುದನ್ನು ನಾನು ಮುಚ್ಚಳದ ಮೇಲೆ ಕಲಿತೆ. ಉಜ್ಜುವುದಕ್ಕೆ ಮೊದಲು ಓದಬೇಕು, ಓದಲಾಗದಿದ್ದರೆ ಉಜ್ಜಬಾರದು. ಬಿ. ಎಲ್. ರೈಸರು ಹಾಸನ ಜಿಲ್ಲೆಯ ಶಾಸನಗಳ ಸಂಪುಟವನ್ನು 1902ರಲ್ಲಿ ಪ್ರಕಟಿಸಿದರು. ಕಲ್ಲು ಕಳೆದುಹೋಗಿ ಅಚ್ಚಿನ ಪಾಠವೊಂದೇ ಉಳಿದಿರುವ ಶಾಸನಗಳು ನಾಡಿನಲ್ಲಿ ಎಷ್ಟೋ ಇವೆ. ನನ್ನ ಮುಚ್ಚಳಕ್ಕೆ ಒಬ್ಬ ರೈಸ್ ಇರಲಿಲ್ಲ. ಜೇಬಿನಲ್ಲಿ ಫೋನಿದ್ದಿತು, ಒಂದು ಫೋಟೋ ತೆಗೆಯುವುದಕ್ಕೆ ಮೂರು ಸೆಕೆಂಡು ಸಾಕಾಗುತ್ತಿದ್ದಿತು.

ಹಾಗಾದರೆ ನನ್ನ ಇತಿಹಾಸದ ಮಿತ್ರರು ಹೇಳಿದಂತೆ ಮುಟ್ಟದೆ ಇರುವುದೇ ಮೇಲೇ? ಈ ಪ್ರಶ್ನೆಯನ್ನು ಹೊತ್ತುಕೊಂಡು ಒಂದು ರಜೆಯ ದಿನ ಬೇಲೂರಿಗೆ ಹೋದೆ. 1117ರಲ್ಲಿ ವಿಷ್ಣುವರ್ಧನನು ಕಟ್ಟಿಸಿದ ಗುಡಿ ಎಂದು ನಾವೆಲ್ಲ ಹೇಳುತ್ತೇವೆ. ಆದರೆ ಎದುರಿಗೆ ನಿಂತು ನೋಡಿದರೆ, ಮೊದಲು ತೆರೆದಿದ್ದ ನವರಂಗಕ್ಕೆ ಜಾಲಂಧ್ರಗಳನ್ನೂ ಬಾಗಿಲುಗಳನ್ನೂ ಇಟ್ಟುದು ಎರಡನೆಯ ಬಲ್ಲಾಳನ ಕಾಲದಲ್ಲಿ. ಒಳಗೆ ಆಸರೆಗೆಂದು ನಾಲ್ಕು ಕಂಬಗಳನ್ನು ನಿಲ್ಲಿಸಿದುದು 1381ರಲ್ಲಿ. ಸುಟ್ಟುಹೋಗಿದ್ದ ಮಹಾದ್ವಾರದ ಗೋಪುರವನ್ನು ಎರಡನೆಯ ಹರಿಹರನ ದಂಡನಾಯಕ ಗುಂಡನು ಮತ್ತೆ ಎತ್ತಿಸಿದುದು 1397ರಲ್ಲಿ. ಗರ್ಭಗುಡಿಯ ಮೇಲಣ ಗೋಪುರದ ಭಾರವನ್ನು ಕೆಳಗಿನ ಕಟ್ಟಡ ತಾಳಲಾರದೆಂದು ಅದನ್ನು ಇಳಿಸಿದುದು 1879ರಲ್ಲಿ. ಇಷ್ಟು ಕೈಗಳು ಮುಟ್ಟಿದ ಗುಡಿಯನ್ನೇ 2023ರಲ್ಲಿ, ಹಳೇಬೀಡು ಸೋಮನಾಥಪುರಗಳೊಡನೆ, ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದರು. ಮುಟ್ಟಿದುದರಿಂದ ಅದು ಸುಳ್ಳಾಗಲಿಲ್ಲ.

ನಾನು ಬಹಳ ಹೊತ್ತು ನಿಂತು ನೋಡಿದುದು ಮದನಿಕೆಯರನ್ನಲ್ಲ. 1381ರ ಆ ನಾಲ್ಕು ಕಂಬಗಳನ್ನು. ಪ್ರವಾಸಿಗಳು ಅವನ್ನು ಲೆಕ್ಕಿಸುವುದೇ ಇಲ್ಲ. ಸುತ್ತಲೂ ತಿರುಗಣೆಯ ನುಣುಪು, ಕೆತ್ತನೆಯ ಸೊಬಗು; ನಡುವೆ ಇವು ಬೇರೆ ಕಲ್ಲಿನವು, ಗ್ರಾನೈಟಿನವು. ಅವನ್ನು ನಿಲ್ಲಿಸಿದವರು ಹೊಯ್ಸಳ ಕಂಬದ ಸೋಗು ಹಾಕಿಸಲಿಲ್ಲ. ‘ನಾವು ಆಮೇಲೆ ಬಂದವರು, ಆಸರೆಗೆ ನಿಂತಿದ್ದೇವೆ’ ಎಂದು ಆ ಕಲ್ಲೇ ಹೇಳುತ್ತದೆ. ನನಗೆ ಅರಸೀಕೆರೆಯ ಆ ರೇಡಿಯೋ ವೃದ್ಧರ ಏಳು ಬ್ಯಾಟರಿಗಳ ಕುರೂಪವಾದ ಸಾಲು ನೆನಪಾಯಿತು.

ವಾಸ್ತವವಾಗಿ ಇದನ್ನು ಕಲಿಯಲು ನಾನು ಬೇಲೂರಿಗೆ ಹೋಗಬೇಕಾಗಿರಲಿಲ್ಲ. ಗ್ರಂಥಸಂಪಾದನೆಯ ಮೊದಲ ಪಾಠವೇ ಇದು. ಪ್ರತಿಯಲ್ಲಿ ಅಕ್ಷರ ಹೋಗಿದ್ದರೆ ಸಂಪಾದಕನು ತನ್ನ ಊಹೆಯನ್ನು ಕಂಸದಲ್ಲಿಡುತ್ತಾನೆ. ಕೈಬಿಟ್ಟ ಪಾಠವನ್ನು ಅಡಿಟಿಪ್ಪಣಿಯಲ್ಲಿ ಉಳಿಸುತ್ತಾನೆ. ಟೆಸ್ಲಾ ದೋಣಿಯನ್ನು ತೇಲಿಬಿಟ್ಟ ಅದೇ 1898ರಲ್ಲಿ ರೈಸರು ಪಂಪಭಾರತವನ್ನು ಅಚ್ಚುಹಾಕಿಸಿದರು. ಬಳಿಕ ಕನ್ನಡ ಸಾಹಿತ್ಯ ಪರಿಷತ್ತು 1931ರಲ್ಲಿ ಅದನ್ನು ಮತ್ತೆ ಹೊರತಂದಾಗ ಸಂಪಾದಕರಾಗಿದ್ದವರು ಬೆಳ್ಳಾವೆ ವೆಂಕಟನಾರಣಪ್ಪನವರು. ಅವರು ಯಾರು? ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದವರು. 1918ರಲ್ಲಿ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದವರು. ಭೌತಶಾಸ್ತ್ರದ ಅಧ್ಯಾಪಕರು ಪಂಪನನ್ನು ಸರಿಪಡಿಸಿದ ನಾಡಿನಲ್ಲಿ ಕನ್ನಡದ ಅಧ್ಯಾಪಕನೊಬ್ಬ ರೇಡಿಯೋ ದೋಣಿಯನ್ನು ಸರಿಪಡಿಸಹೊರಟರೆ ಯಾರೂ ಹುಬ್ಬೇರಿಸಬಾರದು. ಆದರೆ ಅವರಲ್ಲಿದ್ದ ತಾಳ್ಮೆ ಇವನಲ್ಲಿರಲಿಲ್ಲ. ನಮ್ಮ ಕಾಲೇಜುಗಳಲ್ಲಿ ಗ್ರಂಥಸಂಪಾದನೆಯನ್ನು ಪರೀಕ್ಷೆಯ ಐದು ಅಂಕದ ಟಿಪ್ಪಣಿಯಾಗಿ ಹೇಳಿಕೊಡುತ್ತೇವೆ. ಅದನ್ನು ಹಳೆಯ ಬೀಗವೊಂದನ್ನೋ ಗಡಿಯಾರವೊಂದನ್ನೋ ಮುಂದಿಟ್ಟುಕೊಂಡು ಕಲಿಸಿದರೆ, ಮುಂದೆ ಊರಿನ ಗುಡಿಯ ಸಮಿತಿಯಲ್ಲಿ ಕೂರುವ ಹುಡುಗನಿಗೆ ಅದು ಬೇರೆಯಾಗಿ ತಾಗೀತೆಂದು ನನಗೆ ಈಗ ತೋರುತ್ತದೆ.

ಮರಳಿ ಬಂದು ಮುಚ್ಚಳದ ಕೆಲಸವನ್ನು ಅಲ್ಲಿಗೇ ನಿಲ್ಲಿಸಿದೆ. ‘ಬೀಡು 6’ ಇರುವ ಮೂಲೆಗೆ ವಾರ್ನಿಷು ತಾಗಿಸಲಿಲ್ಲ. ಕಿಲುಬಿದ ತಂತಿಗಳು, ತಿರುಗದಂತೆ ಬಿಗಿದುಹೋಗಿದ್ದ ಹಳೆಯ ಮೋಟಾರು, ಪುಡಿಯಾದ ರಬ್ಬರು, ಇವನ್ನೆಲ್ಲ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿಟ್ಟೆ. ಯಾವುದು ಹಳೆಯದು, ಯಾವುದು ಹೊಸದು, ಯಾರು ಹಾಕಿದರು, ಎಂದು ಹಾಕಿದರು ಎಂಬುದನ್ನು ಒಂದು ಹಾಳೆಯಲ್ಲಿ ಬರೆದೆ. ‘ಮುಚ್ಚಳದ ಒಳಗಿನ ಬರಹವನ್ನು ಅಳಿಸಿದವನು ನಾನು’ ಎಂಬ ಸಾಲನ್ನು ಬರೆಯಲು ಮಾತ್ರ ಎರಡು ದಿನ ಬೇಕಾಯಿತು.

ಕಾರ್ತಿಕದ ಒಂದು ಭಾನುವಾರ, ಬೆಳಗಿನ ಹೊತ್ತು, ದ್ವಾರಸಮುದ್ರದ ಕೆರೆಯ ದಡದಲ್ಲಿ, ಗುಡಿಗೆ ದೂರವಾದ ಒಂದು ಕಡೆ ಸೇರಿದೆವು. ಆ ತಾಯಿ ಬೆಂಗಳೂರಿನಿಂದ ಮೊಮ್ಮಗಳೊಡನೆ ಬಂದಿದ್ದರು. ರೇಡಿಯೋ ವೃದ್ಧರು, ಬಡಗಿ ಆಚಾರ್ಯರು, ಗಾಜಿನ ಪೆಟ್ಟಿಗೆಯ ಮಿತ್ರರು, ನನ್ನ ವಿದ್ಯಾರ್ಥಿ, ಎಲ್ಲರೂ ಇದ್ದರು. ರಬ್ಬರನ್ನು ಹುರಿಗೊಳಿಸಿ, ಮುಚ್ಚಳ ಹಾಕಿ, ದೋಣಿಯನ್ನು ನೀರಿಗಿಟ್ಟೆ. ಅದು ಸ್ವಲ್ಪ ಎಡಕ್ಕೆ ವಾಲಿ, ಸಾವರಿಸಿಕೊಂಡು, ಹೊರಟೇಬಿಟ್ಟಿತು. ಗುಂಡಿಯೊತ್ತಿದೆ, ಬಲಕ್ಕೆ ತಿರುಗಿತು. ಬಿಟ್ಟೆ, ನೇರವಾಯಿತು. ಒತ್ತಿದೆ, ಎಡಕ್ಕೆ. ಮಗು ಚಪ್ಪಾಳೆ ತಟ್ಟಿತು. ಉತ್ಸಾಹದಲ್ಲಿ ನಾನು ಒತ್ತಬಾರದಷ್ಟು ಸಲ ಒತ್ತಿದೆನೆಂದು ತೋರುತ್ತದೆ. ಕೆರೆಯ ನಡುವೆ ರಬ್ಬರಿನ ಹುರಿ ಮುಗಿದುಹೋಗಿ, ಚುಕ್ಕಾಣಿ ಬಲಕ್ಕೆ ನಿಂತುಬಿಟ್ಟಿತು. ದೋಣಿ ಪ್ರದಕ್ಷಿಣೆ ಹಾಕತೊಡಗಿತು. ಮೋಟಾರಿನ ಬ್ಯಾಟರಿ ಬತ್ತುವವರೆಗೂ, ಮುಕ್ಕಾಲು ಗಂಟೆ, ಅದು ಸುತ್ತುತ್ತಲೇ ಇದ್ದಿತು. ಕಡೆಗೆ ಹರಿಗೋಲಿನಲ್ಲಿ ಮೀನು ಹಿಡಿಯುತ್ತಿದ್ದವನೊಬ್ಬ ಅದನ್ನು ಎತ್ತಿ ತಂದುಕೊಟ್ಟ.

‘ಅಪ್ಪನಿಗೂ ಹೀಗೇ ಆಗುತ್ತಿತ್ತು’ ಎಂದು ಆ ತಾಯಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ದೋಣಿಯನ್ನು ತೊಡೆಯ ಮೇಲಿಟ್ಟುಕೊಂಡು, ಮುಚ್ಚಳವನ್ನು ತೆರೆದು, ತಿರುವಿ ನೋಡಿದರು. ನಾನು ಬರೆದಿಟ್ಟಿದ್ದ ಹಾಳೆಯನ್ನು ಅವರ ಕೈಗೆ ಕೊಟ್ಟೆ. ಓದಿದರು. ಬಹಳ ಹೊತ್ತು ಮಾತಾಡಲಿಲ್ಲ.

‘ನಿಮಗೆ ನೆನಪಿರುವ ದಿನಗಳನ್ನಾದರೂ ಹೇಳಿ ಅಮ್ಮ, ಬರೆದಿಡೋಣ’ ಎಂದೆ.

‘ಒಂದೂ ನೆನಪಿಲ್ಲ ಮೇಷ್ಟ್ರೇ. ಅಪ್ಪ ಬರೆದಿಟ್ಟಿದ್ದಾರಲ್ಲ ಎಂದು ನಾವು ಯಾರೂ ನೆನಪಿಟ್ಟುಕೊಳ್ಳಲೇ ಇಲ್ಲ.’

ಮುಚ್ಚಳವನ್ನು ಹಾಗೆಯೇ ಹಿಡಿದುಕೊಂಡು ಅವರು ಮೊಮ್ಮಗಳನ್ನು ಕರೆದರು. ನನ್ನ ಜೇಬಿನಲ್ಲಿದ್ದ ಸೀಸದ ಕಡ್ಡಿಯನ್ನು ಕೇಳಿ ಪಡೆದು ಮಗುವಿನ ಕೈಗೆ ಕೊಟ್ಟರು. ‘ಬೀಡು’ ಎಂಬುದರ ಕೆಳಗೆ, ಅದಕ್ಕೆ ತಾಗದಂತೆ ಸ್ವಲ್ಪ ಬಿಟ್ಟು, ಮಗು ತನ್ನ ದೊಡ್ಡ ದೊಡ್ಡ ಸೊಟ್ಟ ಅಕ್ಷರಗಳಲ್ಲಿ ಊರಿನ ಹೆಸರನ್ನೂ ಆ ದಿನದ ತಾರೀಖನ್ನೂ ಬರೆಯಿತು. ‘ಯಾರ್ಯಾರು ಬಂದಿದ್ದೆವು, ಅದನ್ನೂ ಬರಿ’ ಎಂದರು ಅಜ್ಜಿ. ಅದು ಒಬ್ಬೊಬ್ಬರ ಹೆಸರನ್ನೂ ಕೇಳಿ ಬರೆಯುತ್ತ ಬಂದು, ನನ್ನ ಸರದಿ ಬಂದಾಗ ತಲೆಯೆತ್ತಿ ನೋಡಿತು.